ವಾರಾಂತ್ಯದ ವಿಹಾರ: ಬೆಂಗಳೂರಿನ ಬಿಡುವಿನ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

೧

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ, ಆಡಳಿತ, ವಾಣಿಜ್ಯ, ನೀರಿನ ಸರಬರಾಜು, ಜನಸಂಖ್ಯೆ ಮೊದಲಾದ ವಿಷಯಗಳಿಗೆ ಒಂದೊಂದು ಅಧ್ಯಾಯವನ್ನು ಮೀಸಲಿಟ್ಟು, ಆ ನಗರದ ಜನರು ತಮ್ಮ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಿದ್ದರೆಂಬುದನ್ನು ಗ್ರಂಥದ ಕೊನೆಯಲ್ಲಿ 'ಪ್ರೇಕ್ಷಣೀಯ ಸ್ಥಳಗಳು' ಎಂಬ ತಲೆಬರಹದ ಕೆಳಗೆ ಒಂದೆರಡು ಪುಟಗಳಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ವಿಹಾರವೂ ವಿನೋದವೂ ಹಗುರವಾದ ವಿಷಯಗಳು, ವಿದ್ವಾಂಸನ ಶ್ರಮಕ್ಕೆ ತಕ್ಕವಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಒಂದು ಜನಸಮುದಾಯವು ಏನು ದುಡಿಯಿತೆಂಬುದನ್ನು ಮಾತ್ರ ತಿಳಿದು, ದುಡಿಮೆಯಿಂದ ಬಿಡುವು ದೊರೆತಾಗ ಅದು ಎಲ್ಲಿಗೆ ಹೋಯಿತು, ಯಾರೊಡನೆ ಹೋಯಿತು, ಎಲ್ಲಿಗೆ ಹೋಗಲಾರದೆ ಉಳಿಯಿತು ಎಂಬುದನ್ನು ತಿಳಿಯದಿದ್ದರೆ, ಆ ಸಮುದಾಯದ ಅರ್ಧ ಬಾಳನ್ನು ಮಾತ್ರ ನಾವು ತಿಳಿದಂತಾಗುತ್ತದೆ.

ಬೆಂಗಳೂರಿನ ವಾರಾಂತ್ಯವನ್ನು ಕುರಿತು ಈಗ ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. ಹಿಂದಿನ ಬೆಂಗಳೂರು ಶಾಂತವಾದ ಉದ್ಯಾನನಗರವಾಗಿತ್ತು, ಜನರು ಸಂಜೆಯ ತಂಪಿನಲ್ಲಿ ಮರಗಳ ಕೆಳಗೆ ನಡೆದಾಡಿ, ವಾದ್ಯಗೋಷ್ಠಿಯನ್ನು ಕೇಳಿ, ಹೋಟೆಲಿನಲ್ಲಿ ದೋಸೆ ತಿಂದು ತೃಪ್ತರಾಗಿ ಮನೆಗೆ ಮರಳುತ್ತಿದ್ದರು, ಆ ಸುಖವೆಲ್ಲ ಈಗ ಹಾಳಾಯಿತು ಎನ್ನುವುದು ಒಂದು. ಹಿಂದೆ ಜನರಿಗೆ ಏನಿತ್ತು, ಇಂದು ಮಾಲುಗಳು, ಮಲ್ಟಿಪ್ಲೆಕ್ಸುಗಳು, ವಿನೋದೋದ್ಯಾನಗಳು, ನಗರದ ಸುತ್ತಲ ರೆಸಾರ್ಟುಗಳು ಇವೆ, ಆಯ್ಕೆಗೆ ಮಿತಿಯೇ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ವಿಷಾದದ ಮಾತು, ಎರಡನೆಯದು ಜಾಹೀರಾತಿನ ಮಾತು. ಇವೆರಡೂ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲವೆಂಬುದನ್ನು ತೋರಿಸುವುದೂ, ಇವುಗಳಿಗೆ ಬದಲಾಗಿ ನಾವು ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಕಾಲದ ವಿಷಯ. ವಾರಾಂತ್ಯವೆಂಬುದು ಸೂರ್ಯೋದಯ ಸೂರ್ಯಾಸ್ತಗಳಂತೆ ನಿಸರ್ಗದಿಂದ ಬಂದದ್ದಲ್ಲ. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಬಿಡುವಿನ ಲೆಕ್ಕವಿದ್ದುದು ತಿಥಿ ಮಾಸಗಳಲ್ಲಿ. ಏಳು ದಿನಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸುವ ಪದ್ಧತಿಯಲ್ಲಿ ಅಲ್ಲ. ವಾರಕ್ಕೊಮ್ಮೆ ಬರುತ್ತಿದ್ದುದು ರಜೆಯಲ್ಲ, ಸಂತೆ. ಅದು ಕೊಳ್ಳುವ ಮಾರುವ ದಿನವೂ ಹೌದು, ನೆಂಟರಿಷ್ಟರನ್ನು ಕಾಣುವ, ದೊಂಬರಾಟ ನೋಡುವ ದಿನವೂ ಹೌದು. ವ್ಯವಹಾರಕ್ಕೂ ವಿನೋದಕ್ಕೂ ನಡುವೆ ಇಂದಿನಂತೆ ಗೋಡೆಯಿರಲಿಲ್ಲ.

ಈ ಹಳೆಯ ಪಂಚಾಂಗವು ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಅಳಿದಿಲ್ಲವೆಂಬುದು ಗಮನಾರ್ಹ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರದಂದು. ಧರ್ಮರಾಯಸ್ವಾಮಿ ದೇವಾಲಯದಿಂದ ತಿಗಳರ ಸಮುದಾಯದವರು ಹೊರಡಿಸುವ ಕರಗವು ಚೈತ್ರ ಪೂರ್ಣಿಮೆಯ ರಾತ್ರಿ ಪೇಟೆಯ ಬೀದಿಗಳಲ್ಲಿ ಸಂಚರಿಸುತ್ತದೆ. ಅದು ಯಾವ ವಾರವಾದರೂ ಆಗಬಹುದು. ನಗರದ ಅತ್ಯಂತ ದೊಡ್ಡ ಜನಸಂದಣಿಗಳಲ್ಲಿ ಎರಡು, ಹೀಗೆ, ವಾರಾಂತ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೋಮವಾರ ಕಚೇರಿಗೆ ಹೋಗುವವರು ಕೆಲಸ ಮುಗಿಸಿ ಸಂಜೆ ಪರಿಷೆಗೆ ಬಂದು ಸೇರು ಕಡಲೆಕಾಯಿ ಕೊಳ್ಳುವುದನ್ನು ನೋಡಿದರೆ, ಒಂದೇ ನಗರದಲ್ಲಿ ಎರಡು ಕಾಲಗಣನೆಗಳು ಒಂದರ ಮೇಲೊಂದು ಹಾಯ್ದುಹೋಗುವುದನ್ನು ಕಣ್ಣಾರೆ ಕಂಡಂತಾಗುತ್ತದೆ.

ಹಾಗಾದರೆ ಭಾನುವಾರದ ರಜೆ ಎಲ್ಲಿಂದ ಬಂದಿತು? ಅದು ಬ್ರಿಟಿಷರು ತಮ್ಮ ಧರ್ಮದ ಆಚಾರಕ್ಕನುಸಾರವಾಗಿ ಈ ದೇಶಕ್ಕೆ ತಂದ ಪದ್ಧತಿಯೆಂದು ನಾವೂ ಕೆಲವು ವರ್ಷ ತರಗತಿಯಲ್ಲಿ ಬೋಧಿಸಿದ್ದುಂಟು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, ಅವರು ತಂದ ಪದ್ಧತಿಯಾದರೆ ಗಿರಣಿಯಲ್ಲಿ ದುಡಿಯುವವರಿಗೆ ಅದನ್ನು ಮೊದಲೇ ಏಕೆ ಕೊಡಲಿಲ್ಲವೆಂದು ಕೇಳಿದಳು. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಆ ಪ್ರಶ್ನೆಯಿಂದಲೇ ಈ ಲೇಖನದ ವಿಚಾರ ಹುಟ್ಟಿತೆಂದು ಒಪ್ಪಿಕೊಳ್ಳುವುದು ನ್ಯಾಯ. ಕಚೇರಿಗಳಿಗೂ ಸೈನ್ಯಕ್ಕೂ ಭಾನುವಾರದ ಬಿಡುವು ಆಳುವವರ ಆಚಾರದೊಡನೆ ಬಂದಿತೆಂಬುದು ನಿಜ. ಕಾರ್ಮಿಕರಿಗೆ ಬಂದದ್ದು ಬೇರೆ ದಾರಿಯಿಂದ. ಮುಂಬಯಿಯಲ್ಲಿ ಮಹಾತ್ಮಾ ಜೋತಿಬಾ ಫುಲೆಯವರ ಸಹಚರರಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಿಂದ ಗಿರಣಿ ಕೆಲಸಗಾರರನ್ನು ಸಂಘಟಿಸಿ, ಮನವಿಗಳನ್ನು ಸಲ್ಲಿಸಿ, ಸಭೆಗಳನ್ನು ನಡೆಸಿದ ಫಲವಾಗಿ, ಅಲ್ಲಿನ ಗಿರಣಿ ಮಾಲೀಕರು ೧೮೯೦ರ ಜೂನ್ ೧೦ರಂದು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾನೂನಿನಲ್ಲಿ ವಾರದ ರಜೆಗೆ ಸ್ಥಾನ ದೊರೆಯಿತು. ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯದ ಭಾಗವಾಗಿರದಿದ್ದುದರಿಂದ ಆ ಕಾನೂನಿನ ಇತಿಹಾಸವನ್ನು ಹಾಗೆಯೇ ಬೆಂಗಳೂರಿಗೆ ಅನ್ವಯಿಸಲಾಗದು. ಆದರೂ ಮುಂಬಯಿಯ ಆ ಘಟನೆಯು ಒಂದು ಮುಖ್ಯ ಅಂಶವನ್ನು ಸ್ಥಾಪಿಸುತ್ತದೆ: ವಾರದ ಬಿಡುವು ದಾನವಾಗಿ ಬಂದದ್ದಲ್ಲ, ಕೇಳಿ ಪಡೆದದ್ದು.

ಸ್ವಾತಂತ್ರ್ಯಾನಂತರ ೧೯೪೮ರ ಕಾರ್ಖಾನೆಗಳ ಅಧಿನಿಯಮವು ವಾರಕ್ಕೆ ೪೮ ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ದೇಶಕ್ಕೆಲ್ಲ ವಿಧಿಸಿತು. ಅದೇ ಕಾಲದಲ್ಲಿ ಬೆಂಗಳೂರು ಸರ್ಕಾರಿ ಉದ್ಯಮಗಳ ನಗರವಾಗಿ ಬೆಳೆಯುತ್ತಿತ್ತು. ೧೯೪೦ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಹಿಂಬಾಲಿಸಿ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ೧೯೫೩ರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇವು ಒಂದರ ಹಿಂದೊಂದು ಬಂದುವು. ಸಾವಿರಾರು ಕುಟುಂಬಗಳು ಒಂದೇ ಸೈರನ್ನಿಗೆ ಏಳುವ, ಒಂದೇ ದಿನ ಬಿಡುವು ಪಡೆಯುವ ಬಾಳು ಈ ನಗರದಲ್ಲಿ ನೆಲೆಗೊಂಡುದು ಆಗ. ಶನಿವಾರವನ್ನೂ ಸೇರಿಸಿಕೊಂಡ 'ವಾರಾಂತ್ಯ'ವಂತೂ ಇನ್ನೂ ಈಚಿನದು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನಗಳ ವಾರ ಬಂದದ್ದು ೧೯೮೫ರಲ್ಲಿ. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ ಬಂದದ್ದು ೨೦೧೫ರಲ್ಲಿ. ಎರಡು ದಿನಗಳ ವಾರಾಂತ್ಯವನ್ನು ನಗರಜೀವನದ ಸಾಮಾನ್ಯ ಲಕ್ಷಣವೆಂದು ವರ್ಣಿಸುವವರು, ಅದು ಇಂದಿಗೂ ನಗರದ ಒಂದು ಭಾಗದ ಜನರಿಗೆ ಮಾತ್ರ ಸೇರಿದ ಸೌಕರ್ಯವೆಂಬುದನ್ನು ಮರೆಯುತ್ತಾರೆ.

೩

ಇನ್ನು ಸ್ಥಳದ ವಿಷಯ. ಬೆಂಗಳೂರಿಗೆ ಉದ್ಯಾನನಗರವೆಂಬ ಹೆಸರನ್ನು ತಂದುಕೊಟ್ಟ ಎರಡು ಉದ್ಯಾನಗಳೂ ಜನರ ವಿಹಾರಕ್ಕಾಗಿಯೇ ಹುಟ್ಟಿದುವಲ್ಲ. ಲಾಲ್‌ಬಾಗನ್ನು ೧೭೬೦ರಲ್ಲಿ ಹೈದರಾಲಿಯು ತನ್ನ ರಾಜೋದ್ಯಾನವಾಗಿ ಆರಂಭಿಸಿದನು. ಟಿಪ್ಪು ಅದನ್ನು ವಿಸ್ತರಿಸಿದನು. ೧೮೫೬ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ೧೮೮೯ರಲ್ಲಿ ಅಸ್ತಿಭಾರ ಹಾಕಲಾದ ಗಾಜಿನ ಮನೆಯ ಉದ್ದೇಶ ಫಲಪುಷ್ಪಗಳ ಪ್ರದರ್ಶನ. ಕಬ್ಬನ್ ಉದ್ಯಾನವು ೧೮೭೦ರಲ್ಲಿ ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ, ೧೮೬೮ರಲ್ಲಿ ಪೂರ್ಣಗೊಂಡಿದ್ದ ಅಠಾರಾ ಕಚೇರಿಯ ಎದುರಿನಲ್ಲಿ, ಆಡಳಿತಕೇಂದ್ರಕ್ಕೆ ಶೋಭೆಯಾಗಿ ರೂಪುಗೊಂಡಿತು. ಮೊದಲು ಅದಕ್ಕೆ ಮೀಡ್ ಉದ್ಯಾನವೆಂದು ಹೆಸರು. ೧೯೨೭ರಲ್ಲಿ ಅದನ್ನು ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ವಿಧ್ಯುಕ್ತವಾಗಿ ಕರೆದರೂ ಜನರ ನಾಲಗೆಯಲ್ಲಿ ಕಬ್ಬನ್ ಹೆಸರೇ ಉಳಿಯಿತು.

ವಿಷಾದದ ಮಾತನ್ನಾಡುವವರು ಮರೆಯುವ ಸಂಗತಿಯೊಂದಿದೆ. ಅವರು ನೆನೆಯುವ ಶಾಂತ ಬೆಂಗಳೂರು ಒಂದು ನಗರವಾಗಿರಲಿಲ್ಲ, ಎರಡಾಗಿತ್ತು. ಪಶ್ಚಿಮಕ್ಕೆ ಹಳೆಯ ಪೇಟೆ, ಪೂರ್ವಕ್ಕೆ ೧೮೦೯ರಲ್ಲಿ ನೆಲೆಗೊಂಡ ದಂಡುಪ್ರದೇಶ. ಭಾಷೆ, ಆಡಳಿತ, ಪುರಸಭೆ, ಪೋಲೀಸು ಎಲ್ಲವೂ ಬೇರೆಬೇರೆಯಾಗಿದ್ದ ಈ ಎರಡು ಊರುಗಳ ನಡುವೆ ಕಬ್ಬನ್ ಉದ್ಯಾನವು ಹಸಿರಾದ ಗಡಿಯಂತೆ ಮಲಗಿತ್ತು. ಅಲ್ಲಿನ ವಾದ್ಯಮಂಟಪದಲ್ಲಿ ನುಡಿಯುತ್ತಿದ್ದ ಸೈನ್ಯದ ಬ್ಯಾಂಡು ಯಾರ ಕಿವಿಯನ್ನು ಮುಖ್ಯವಾಗಿ ಉದ್ದೇಶಿಸಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಕ್ಲಬ್ಬುಗಳ ಚರಿತ್ರೆಯು ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ೧೮೬೮ರಲ್ಲಿ ಆರಂಭವಾದ ಸೈನ್ಯಾಧಿಕಾರಿಗಳ ಕ್ಲಬ್ಬು ಯೂರೋಪಿಯನ್ನರ ವಿರಾಮಸ್ಥಾನವಾಗಿದ್ದ ಕಾಲದಲ್ಲಿ, ೧೯೧೭ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು. ಅದು ಭಾರತೀಯರಿಗೆ ಬಾಗಿಲನ್ನು ತೆರೆಯಿತು, ನಿಜ. ಆದರೆ ಎಲ್ಲ ಭಾರತೀಯರಿಗೂ ಅಲ್ಲ. ಒಂದು ಬೇಲಿಗೆ ಪ್ರತಿಯಾಗಿ ಇನ್ನೊಂದು ಬೇಲಿಯನ್ನು ಕಟ್ಟಿಕೊಳ್ಳುವುದು ನಮ್ಮ ನಾಗರಿಕ ಜೀವನದ ಹಳೆಯ ಅಭ್ಯಾಸವೆಂದು ಈ ಪ್ರಸಂಗವು ನೆನಪಿಸುತ್ತದೆ. ದಂಡುಪ್ರದೇಶವು ೧೯೪೭ರಲ್ಲಿ ಮೈಸೂರಿಗೆ ಹಿಂದಿರುಗಿ, ೧೯೪೯ರಲ್ಲಿ ಎರಡು ಪುರಸಭೆಗಳೂ ಒಂದೇ ನಗರಸಭೆಯಾಗಿ ಕೂಡಿಕೊಂಡವು. ಆ ಗಡಿಯ ಉದ್ಯಾನವು ಎಲ್ಲರ ಅಂಗಳವಾದುದು ಅಂದಿನಿಂದ.

ಇದನ್ನು ಹೇಳುವುದು ಹಳೆಯದನ್ನು ಹೀಗಳೆಯುವುದಕ್ಕಲ್ಲ. ರಾಜನ ತೋಟವೂ ಅಧಿಕಾರಿಯ ಅಲಂಕಾರವೂ ಕಾಲಕ್ರಮದಲ್ಲಿ ಜನರ ಸ್ವತ್ತಾದುದು ಈ ನಗರದ ಚರಿತ್ರೆಯ ಅತ್ಯಂತ ಸಂತೋಷದ ಘಟನೆಗಳಲ್ಲೊಂದು. ಆದರೆ ಆ ಸಂತೋಷವು ಹಿಂದಿನ 'ಶಾಂತಿ'ಯಲ್ಲಿರಲಿಲ್ಲ. ಆ ಶಾಂತಿಯನ್ನು ಕಲಕಿ ಜನರು ಒಳಗೆ ಬಂದುದರಲ್ಲಿತ್ತು. ಭಾನುವಾರದ ಕಬ್ಬನ್ ಉದ್ಯಾನದ ಗದ್ದಲವನ್ನು ಕಂಡು ಮೂಗು ಮುರಿಯುವವರು ಈ ಮಾತನ್ನು ಯೋಚಿಸಬೇಕು.

ಎಲ್ಲ ಸ್ಥಳಗಳ ಭಾಗ್ಯವೂ ಒಂದೇ ಆಗಲಿಲ್ಲವೆಂಬುದನ್ನೂ ಹೇಳಬೇಕು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಕರಗದ ವಿಧಿಗಳಿಗಾಗಿ ಒಂದು ಸಣ್ಣ ಕೊಳ ಮಾತ್ರ ಉಳಿಯಿತು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಸಂಜೆ ಅಡ್ಡಾಡುವವರಿಗೆ ಆಸರೆಯಾಗಿದ್ದ ಮರಗಳ ಸಾಲುದಾರಿಯು ೨೦೧೧ರಲ್ಲಿ ಸಂಚಾರವಾರಂಭಿಸಿದ ಮೆಟ್ರೋ ರೈಲಿನ ಕಂಬಗಳಿಗೆ ಎಡೆಮಾಡಿಕೊಟ್ಟಿತು. ಈ ಬದಲಾವಣೆಗಳೆಲ್ಲ ಅನಗತ್ಯವಾಗಿದ್ದುವೆಂದು ನಾವು ವಾದಿಸುವುದಿಲ್ಲ. ಜನರಿಗೆ ಬಸ್ಸೂ ಬೇಕು, ರೈಲೂ ಬೇಕು. ಆದರೆ ಪ್ರತಿ ಸಲವೂ ಸುಮ್ಮನೆ ಕೂರುವ ಸ್ಥಳವೇ ಮೊದಲು ಬಲಿಯಾಗುವುದನ್ನು ಇತಿಹಾಸಕಾರನು ಗುರುತಿಸದೆ ಬಿಡಲಾಗದು.

೪

ಮೂರನೆಯದು ವಿನೋದದ ಬೆಲೆಯ ವಿಷಯ. ೧೯೩೪ರಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಂದಿನಿಂದ ಸಿನಿಮಾ ಈ ನಗರದ ಮುಖ್ಯ ವಿನೋದವಾಗಿ ಬೆಳೆಯಿತು. ಕೆಂಪೇಗೌಡ ರಸ್ತೆಯುದ್ದಕ್ಕೂ ಚಿತ್ರಮಂದಿರಗಳು ಸಾಲುಗಟ್ಟಿ ನಿಂತುವು. ಹೊರವಲಯಗಳಲ್ಲಿ ಟೆಂಟ್ ಸಿನಿಮಾಗಳು ತಲೆಯೆತ್ತಿದುವು. ಈ ಮಂದಿರಗಳಲ್ಲಿ ಸಮಾನತೆಯಿತ್ತೆಂದು ಹೇಳಲಾಗದು. ನೆಲ, ಬೆಂಚು, ಕುರ್ಚಿ, ಬಾಲ್ಕನಿ ಎಂಬ ಅಂತಸ್ತುಗಳು ದರದ ಕ್ರಮದಲ್ಲಿ ಸ್ಪಷ್ಟವಾಗಿದ್ದುವು. ಎಲ್ಲಕ್ಕೂ ಮುಂದಿನ ಅಗ್ಗದ ಸಾಲಿಗೆ ಜನರು 'ಗಾಂಧಿ ಕ್ಲಾಸ್' ಎಂದು ಹೆಸರಿಟ್ಟುದರಲ್ಲಿ ವಿನೋದವೂ ಇದೆ, ವಿಮರ್ಶೆಯೂ ಇದೆ. ಆದರೆ ಆ ಅಸಮಾನತೆಯೆಲ್ಲ ಒಂದೇ ಸೂರಿನ ಒಳಗೆ ಇತ್ತು. ನೆಲದವನೂ ಬಾಲ್ಕನಿಯವನೂ ಒಂದೇ ಚಿತ್ರವನ್ನು, ಒಂದೇ ಹೊತ್ತಿನಲ್ಲಿ, ಒಂದೇ ಶಿಳ್ಳೆಯ ನಡುವೆ ನೋಡುತ್ತಿದ್ದರು.

೨೦೦೪ರ ಸುಮಾರಿಗೆ ನಗರದಲ್ಲಿ ನೆಲೆಯೂರಿದ ಮಲ್ಟಿಪ್ಲೆಕ್ಸು ಈ ಏರ್ಪಾಟನ್ನು ತಿರುಗಿಸಿತು. ಒಳಗಿನ ಕುರ್ಚಿಗಳು ಹೆಚ್ಚುಕಡಮೆ ಒಂದೇ ಬಗೆಯವಾದುವು. ಅಂತಸ್ತಿನ ವ್ಯತ್ಯಾಸವು ಬಾಗಿಲಿಗೆ ಬಂದು ನಿಂತಿತು. ಹಿಂದೆ ಬಡವನು ಒಳಗೆ ಕೆಳಗಡೆ ಕುಳಿತಿದ್ದನು. ಈಗ ಹೊರಗಡೆ ಉಳಿದನು. ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಚಿತ್ರಮಂದಿರಗಳ ಟಿಕೆಟಿಗೆ ೨೦೦ ರೂಪಾಯಿಗಳ ಮಿತಿಯನ್ನು ವಿಧಿಸಿ ನಿಯಮವನ್ನು ಹೊರಡಿಸಿದುದು, ಅದೇ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿದುದು, ಇವುಗಳನ್ನು ವಾಣಿಜ್ಯದ ವ್ಯಾಜ್ಯವೆಂದು ಮಾತ್ರ ಓದಬಾರದು. ವಿನೋದದ ಬಾಗಿಲನ್ನು ಎಷ್ಟು ಅಗಲ ತೆರೆಯಬೇಕೆಂಬ ಪ್ರಶ್ನೆ ಅದರ ಹಿಂದಿದೆ. ದರವನ್ನು ಕಾನೂನಿನಿಂದ ಕಟ್ಟುವುದು ಸರಿಯೋ ತಪ್ಪೋ ಎಂಬುದನ್ನು ಅರ್ಥಶಾಸ್ತ್ರಜ್ಞರು ಹೇಳಲಿ. ಪ್ರಶ್ನೆಯು ನ್ಯಾಯವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಹಣವಿಲ್ಲದೆ ದೊರೆಯುವ ವಿನೋದವು ಸಂಪೂರ್ಣವಾಗಿ ಕಣ್ಮರೆಯಾಗಿಲ್ಲ. ಶ್ರೀರಾಮಸೇವಾ ಮಂಡಲಿಯವರು ೧೯೩೯ರಿಂದ ನಡೆಸುತ್ತ ಬಂದಿರುವ ರಾಮನವಮಿಯ ಸಂಗೀತೋತ್ಸವದಲ್ಲಿ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಪೆಂಡಾಲಿನ ಹೊರಗೆ ರಸ್ತೆಯಂಚಿನಲ್ಲಿ ಕುಳಿತು ಕೇಳಿದವರ ಶ್ರೋತೃವರ್ಗವೊಂದಿದೆ. ಸಂಗೀತದ ಇತಿಹಾಸದಲ್ಲಿ ಅವರ ಹೆಸರುಗಳಿಲ್ಲ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. 'ಸಂತೆ'ಯೆಂಬ ಹಳೆಯ ಪದವು ಅಲ್ಲಿ ಅರ್ಥಪೂರ್ಣವಾಗಿ ಹಿಂದಿರುಗಿದೆ. ೨೦೨೦ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯದ ವಾಹನಸಂಚಾರವನ್ನು ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಾಗ, ರಸ್ತೆಯ ನಡುವೆ ನಿಲ್ಲುವುದೇ ಒಂದು ವಿಹಾರವಾಯಿತು. ಏನನ್ನೂ ಕೊಳ್ಳದೆ ನಗರದ ನಡುವೆ ಇರುವ ಅವಕಾಶಕ್ಕಾಗಿ ಜನರು ಎಷ್ಟು ಹಸಿದಿದ್ದಾರೆಂಬುದಕ್ಕೆ ಇವು ಸಾಕ್ಷಿ.

೫

ಕಳೆದ ವರ್ಷ ನಾವು ಸ್ನಾತಕ ತರಗತಿಯ ವಿದ್ಯಾರ್ಥಿಗಳಿಗೆ, 'ನನ್ನ ಹಿಂದಿನ ಭಾನುವಾರ' ಎಂಬ ವಿಷಯವಾಗಿ ಒಂದು ಪುಟ ಬರೆದುತರಲು ಹೇಳಿದೆವು. ದಿನಚರಿಯೂ ಇತಿಹಾಸದ ಆಕರವೆಂಬುದನ್ನು ತಿಳಿಸುವುದಷ್ಟೇ ನಮ್ಮ ಉದ್ದೇಶವಾಗಿತ್ತು. ನಂದಿಬೆಟ್ಟದ ಸೂರ್ಯೋದಯ, ಮಾಲಿನ ಸುತ್ತಾಟ, ಗೆಳೆಯರೊಡನೆ ತಿಂದ ತಿಂಡಿ ಇವು ನಿರೀಕ್ಷಿಸಿದಂತೆಯೇ ಬಂದುವು. ನಿರೀಕ್ಷಿಸದೆ ಬಂದವೇ ನಮ್ಮನ್ನು ಯೋಚನೆಗೆ ಹಚ್ಚಿದುವು. ಒಬ್ಬ ಹುಡುಗನು ಭಾನುವಾರಗಳಂದು ಮನೆಮನೆಗೆ ಊಟ ತಲಪಿಸುವ ಕೆಲಸ ಮಾಡುತ್ತಾನೆ. ಇತರರ ಬಿಡುವಿನ ದಿನವೇ ಅವನ ದುಡಿಮೆಯ ದಿನ, ಅಂದೇ ಬೇಡಿಕೆ ಹೆಚ್ಚು. ಇನ್ನೊಬ್ಬಳು, ಭಾನುವಾರ ಎಲ್ಲರೂ ಮನೆಯಲ್ಲಿರುವುದರಿಂದ ತನ್ನ ತಾಯಿಗೆ ಅಂದು ಅಡುಗೆ ಎರಡರಷ್ಟೆಂದೂ, ತಾಯಿಯ ಬಿಡುವು ಸೋಮವಾರ ಬೆಳಗ್ಗೆ ಹತ್ತು ಗಂಟೆಯ ಮೇಲೆ, ಎಲ್ಲರೂ ಹೊರಟುಹೋದ ನಂತರ, ಒಂದು ಲೋಟ ಕಾಫಿಯೊಡನೆ ಆರಂಭವಾಗುತ್ತದೆಂದೂ ಬರೆದಿದ್ದಳು.

ಈ ಎರಡು ಪುಟಗಳು ಮೇಲೆ ಹೇಳಿದ ಎರಡು ಬಗೆಯ ಮಾತುಗಳನ್ನೂ ಒಟ್ಟಿಗೆ ಉತ್ತರಿಸುತ್ತವೆ. ವಿಷಾದದವರು ನೆನೆಯುವ ತೃಪ್ತ ಕುಟುಂಬದ ಸಂಜೆಯ ಹಿಂದೆ ಒಬ್ಬ ತಾಯಿಯ ದುಡಿಮೆಯಿತ್ತು. ಜಾಹೀರಾತಿನವರು ಹೊಗಳುವ ಮಿತಿಯಿಲ್ಲದ ಆಯ್ಕೆಯ ಹಿಂದೆ ಬಿಡುವಿಲ್ಲದ ಯುವಕನಿದ್ದಾನೆ. ಒಬ್ಬರ ವಿಹಾರವು ಇನ್ನೊಬ್ಬರ ಶ್ರಮವನ್ನು ಆಧರಿಸಿರುವುದು ಹೊಸ ಸಂಗತಿಯಲ್ಲ; ದಂಡುಪ್ರದೇಶದ ಕ್ಲಬ್ಬುಗಳಲ್ಲಿ ತಟ್ಟೆ ಹಿಡಿದು ನಿಂತವರಿಗೂ ಭಾನುವಾರವಿರಲಿಲ್ಲ. ಆದರೆ ಅದನ್ನು ಕಾಣದೆ ಬರೆದ ಬಿಡುವಿನ ಚರಿತ್ರೆ ಬಿಡುವುಳ್ಳವರ ಚರಿತ್ರೆ ಮಾತ್ರವಾಗುತ್ತದೆ.

ಈ ದೃಷ್ಟಿಯಿಂದ ನಮ್ಮ ನಗರಚರಿತ್ರೆಯ ಬರವಣಿಗೆಯನ್ನು ನೋಡಿದರೆ ಇನ್ನೂ ಆಗಬೇಕಾದ ಕೆಲಸ ಬಹಳವಿದೆ. ಶ್ರೀ ಎಂ. ಫಜ್ಲುಲ್ ಹಸನ್‌ರು ೧೯೭೦ರಲ್ಲಿ ಇಂಗ್ಲಿಷಿನಲ್ಲಿ ಬರೆದ ಬೆಂಗಳೂರಿನ ಚರಿತ್ರೆಗೆ ನಾವೆಲ್ಲರೂ ಋಣಿಗಳು. ಡಾ. ಜಾನಕಿ ನಾಯರ್ ಅವರು ೨೦೦೫ರಲ್ಲಿ ಪ್ರಕಟಿಸಿದ ಗ್ರಂಥವು ಇಪ್ಪತ್ತನೆಯ ಶತಮಾನದ ಬೆಂಗಳೂರನ್ನು ವಿವರಿಸುತ್ತ, ಸಾರ್ವಜನಿಕ ಸ್ಥಳವು ಯಾರಿಗೆ ಸೇರಿದ್ದೆಂಬುದನ್ನು ಗಂಭೀರವಾದ ಚಾರಿತ್ರಿಕ ಪ್ರಶ್ನೆಯನ್ನಾಗಿ ಎತ್ತಿತು. ಆ ದಾರಿಯಲ್ಲಿ ಕನ್ನಡದಲ್ಲಿ ನಡೆಯಬೇಕಾದವರು ನಾವು. ಇದಕ್ಕೆ ಬೇಕಾದ ಆಕರಗಳು ದೂರದ ದಫ್ತರಖಾನೆಗಳಲ್ಲಿಲ್ಲ. ಕಾರ್ಖಾನೆಯ ವಸತಿಗಳಲ್ಲಿ ಇನ್ನೂ ಬದುಕಿರುವ ನಿವೃತ್ತ ಕೆಲಸಗಾರರು, ಟೆಂಟ್ ಸಿನಿಮಾದಲ್ಲಿ ಟಿಕೆಟು ಹರಿದವರು, ಫಲಪುಷ್ಪ ಪ್ರದರ್ಶನಕ್ಕೆ ಹಳ್ಳಿಗಳಿಂದ ಬಂದವರು, ಎಂದೂ ಎಲ್ಲಿಗೂ ಹೋಗದೆ ಮನೆಯಲ್ಲುಳಿದ ಅಜ್ಜಿಯರು ಇವರ ಬಾಯಿಮಾತುಗಳಲ್ಲಿ ಆ ಚರಿತ್ರೆಯಿದೆ. ನಮ್ಮ ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳದಿದ್ದರೆ, ಇನ್ನು ಇಪ್ಪತ್ತು ವರ್ಷಗಳ ಮೇಲೆ ಬರೆದುಕೊಳ್ಳಲು ಯಾರೂ ಇರುವುದಿಲ್ಲ.

ಒಟ್ಟಿನಲ್ಲಿ ನಾವು ಕೇಳಬೇಕಾದ ಪ್ರಶ್ನೆ, ಹಿಂದಿನ ವಾರಾಂತ್ಯ ಚೆನ್ನಾಗಿತ್ತೋ ಇಂದಿನದು ಚೆನ್ನಾಗಿದೆಯೋ ಎಂಬುದಲ್ಲ. ಬಿಡುವು ಯಾರಿಗೆ ದೊರೆಯಿತು, ಅದನ್ನು ಕಳೆಯಲು ಸ್ಥಳ ಯಾರಿಗಿತ್ತು, ಹಣವಿಲ್ಲದವನು ಎಲ್ಲಿ ಕುಳಿತುಕೊಂಡನು ಎಂಬುದು. ಕಬ್ಬನ್ ಉದ್ಯಾನಕ್ಕೆ ಇಂದಿಗೂ ಪ್ರವೇಶಶುಲ್ಕವಿಲ್ಲ. ಭಾನುವಾರ ಅಲ್ಲಿ ಬಿದಿರ ಮೆಳೆಯ ಕೆಳಗೆ ಬುತ್ತಿ ಬಿಚ್ಚಿ ಕುಳಿತ ಕುಟುಂಬವನ್ನು, ಯಾವ ಊರಿನವರು, ಎಷ್ಟು ಸಂಬಳದವರು, ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವ ಆ ಸೌಜನ್ಯವು ತಾನಾಗಿ ಬಂದುದಲ್ಲ. ಅದಕ್ಕೂ ಒಂದು ಇತಿಹಾಸವಿದೆ, ಅದನ್ನು ಕಳೆದುಕೊಳ್ಳಲೂ ಸಾಧ್ಯವಿದೆ. ಅದನ್ನು ಬರೆಯುವುದು ನಮ್ಮ ವಿಭಾಗದಂಥ ವಿಭಾಗಗಳಿಗೆ ತಕ್ಕ ಕೆಲಸವೆಂದು ನಂಬಿ, ಈ ಕೆಲವು ವಿಚಾರಗಳನ್ನು ವಾಚಕರ ಪರಿಶೀಲನೆಗೆ ಒಪ್ಪಿಸಿದ್ದೇವೆ.